ಬಾಗಿಲಿಲ್ಲದ ಅಟ್ಟ

ಹೊಸ ಮನೆಯಿಂದ,
ಗುರುವಾರ, ಹನ್ನೆರಡನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಶೆ ನೋಡಿಯೇ ಸಮಾಧಾನ ಮಾಡಿಕೊಳ್ಳುತ್ತಿದ್ದೀಯೋ? ಭಾವನ ಕೆಮ್ಮು ನಿಂತಿತೇ? ನನಗಿನ್ನೂ ಹೊಸ ಸಿಮ್ ಸಿಕ್ಕಿಲ್ಲ, ಅದಕ್ಕೇ ಈ ಕಾಗದ. ನೀನು ಕಳಿಸಿದ ಬಡಗಿ ಮೇಲೆ ಕೆಲಸ ಮಾಡುತ್ತಿದ್ದಾನೆ, ಹೋಗುವಾಗ ನಿನಗೆ ತಲುಪಿಸುತ್ತಾನೆ.

ಬಿಟ್ಟು ಬಂದ ಗಂಡನ ಮನೆಯಲ್ಲಿ ಕೋಣೆ ಕೋಣೆಗೂ ಹೊರಗಿನಿಂದ ಚಿಲಕ. ಇಪ್ಪತ್ತೊಂದು ವರ್ಷ ಅದರ ಸದ್ದು ಕೇಳಿದ್ದೇನೆ, ನಿನಗೆ ಗೊತ್ತಿಲ್ಲದ್ದಲ್ಲ. ಇಲ್ಲಿ ಒಳಗೆ ಬಾಗಿಲೇ ಇಲ್ಲ. ಕೆಳಗೆ ಒಂದೇ ದೊಡ್ಡ ಹಜಾರ, ಮೂಲೆಯಲ್ಲಿ ಒಲೆ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮಲಗಲು ಅಟ್ಟ. ಬಚ್ಚಲಿಗೂ ಜಾರುವ ಗಾಜು. ನನ್ನನ್ನು ಕೂಡಿಹಾಕಲು ಜಾಗವೇ ಇಲ್ಲ ಅಂತ ನೋಡಿದ ಕೂಡಲೇ ಒಪ್ಪಿಕೊಂಡೆ. ಎರಡನೇ ದಿನ ಹೊಳೆಯಿತು, ಅಡಗಿಕೊಳ್ಳಲೂ ಜಾಗವಿಲ್ಲ. ಅದಕ್ಕೇ ಮೆಟ್ಟಿಲ ತುದಿಗೊಂದು ಬಾಗಿಲು ಕೂರಿಸುತ್ತಿದ್ದೇನೆ, ಒಳಗಿನಿಂದ ಚಿಲಕ.

ಮನೆ ತೋರಿಸಿದವರು, 'ಗೇಟಲ್ಲಿ ಇಬ್ಬರು ಕಾವಲಿಗಿದ್ದಾರೆ, ನಿಮ್ಮನ್ನ ಕೇಳದೆ ಒಂದು ಇರುವೆನೂ ಬಿಡಲ್ಲ' ಅಂದಿದ್ದರು. ಎಲ್ಲಿಯ ಮಾತು! ಸೋಮವಾರ ಗ್ಯಾಸಿನವನು ನೆಟ್ಟಗೆ ಬಾಗಿಲಿಗೇ ಬಂದ, ನನ್ನನ್ನು ಯಾರೂ ಕೇಳಲಿಲ್ಲ. ನಿನ್ನೆ ಹಾಸಿಗೆಯವನು, ಇವತ್ತು ಬಡಗಿ. ಕರೆಗಂಟೆ ಆದಾಗಲೆಲ್ಲ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತೇನೆ. ನಿನ್ನೆ ಸೌಟು ಹಿಡಿದೇ ಬಾಗಿಲು ತೆಗೆದೆ, ಪಾಪ, ಹಾಸಿಗೆಯವನು ಎರಡು ಹೆಜ್ಜೆ ಹಿಂದೆ ಸರಿದ. ನಗಬೇಡ ಅಕ್ಕಾ, ನನಗೆ ನಿಜವಾಗಿಯೂ ಭಯ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ವಾರವಾಗಿಲ್ಲ, ಆಗಲೇ ಬಾಗಿಲ ಕಡೆ ನೋಡುತ್ತಾ ಒಂದು ಗಾಜು ಒಡೆದಿದ್ದೇನೆ. ಈಗಲೇ ಗೇಟಿಗೆ ಹೋಗಿ ಆ ಕಾವಲಿನವರನ್ನು ದಬಾಯಿಸಿ ಬರುತ್ತೇನೆ. ಭಾನುವಾರ ನೀನು ಬರಲೇಬೇಕು. ಅಟ್ಟದ ಮೇಲೆ ಇಬ್ಬರೂ ಕಾಲು ಚಾಚಿ ಮಲಗೋಣ.

ಭಾವನಿಗೆ ನನ್ನ ನಮಸ್ಕಾರ, ನಿನ್ನ ಮಂಡಿಗೆ ನನ್ನ ಹಾರೈಕೆ.

ನಿನ್ನ
ಪುಕ್ಕಲಿ

ಮರೆತಿದ್ದಲ್ಲ, ಈಗ ಗೊತ್ತಾಗಿದ್ದು: ಗೇಟಿಗೆ ಹೋಗಿ ಬಂದೆ. ಕಾವಲಿನವನು ಮುಖ ಸಣ್ಣದು ಮಾಡಿಕೊಂಡ. 'ಪ್ರತಿ ಸಲಾನೂ ಫೋನ್ ಮಾಡಿ ಕೇಳ್ತೀವಲ್ಲ ಮೇಡಂ, ಸಾರ್ ಬಿಡಿ ಅಂತಾರೆ' ಅಂದ. ಮನೆಗೆ ಬಂದ ದಿನ ನಾನು ತುಂಬಿಕೊಟ್ಟ ಫಾರಂ ತೋರಿಸಿದ. ನಂಬರಿನ ಜಾಗದಲ್ಲಿ ನನ್ನದೇ ಅಕ್ಷರದಲ್ಲಿ ಅವರ ನಂಬರು. ನನ್ನ ಸಿಮ್ ಮುರಿದು ಎಸೆದಿದ್ದೆ, ಗ್ಯಾಸಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ ಇಷ್ಟು ವರ್ಷ ಅವರ ನಂಬರನ್ನೇ ಬರೆದ ಕೈ, ತಾನಾಗಿ ಬರೆದುಬಿಟ್ಟಿದೆ. ನನ್ನ ಮನೆಗೆ ಯಾರು ಬರಬೇಕೆಂದು ಸೋಮವಾರದಿಂದ ಅವರೇ ಹೇಳುತ್ತಿದ್ದಾರೆ. ಇವತ್ತು ಐದಕ್ಕೆ ತಾವೇ ಬರುತ್ತಾರಂತೆ. 'ಮೇಡಂಗೆ ಹೇಳ್ಬೇಡಿ, ಖುಷಿಯಾಗ್ಲಿ' ಅಂದರಂತೆ. ಈಗ ಮೂರೂವರೆ. ನಾನು ನಿನ್ನ ಮನೆಗೆ ಬಂದರೆ ಮೊದಲು ಅಲ್ಲೇ ಹುಡುಕುತ್ತಾರೆ. ನಾನು ಅಂಗಡಿಗೆ ಹೊರಟೆ, ಅದು ಅವರಿಗೆ ಗೊತ್ತಿಲ್ಲ. ದಾರಿ ಬಡಗಿಗೆ ಹೇಳಿದ್ದೇನೆ, ಭಾವನನ್ನು ಕರೆದುಕೊಂಡು ಅಲ್ಲಿಗೇ ಬಾ. ಗೇಟಿಗೆ ಮಾತ್ರ ಹೋಗಬೇಡ ಅಕ್ಕಾ. ನಿನ್ನನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಅವರನ್ನೇ ಕೇಳುತ್ತಾರೆ.