ತೆರಪು ಸಾರಿದ ವರ್ಷ

ಪರಾಭವ ಸಂವತ್ಸರ, ಶಕೆ ೨೦೬೮
ಆಶ್ವಯುಜ ಶುದ್ಧ ಇಪ್ಪತ್ತಾರು
ನವಿಲಗುಡ್ಡದ ಒಳಊರು

ಹಿಂದಿನವರೇ,

ಮೇಲಿನ ತಿಥಿಯನ್ನು ಕಂಡು ನೀವು ನಗಬಹುದು. ಶುದ್ಧ ಪಕ್ಷ ಹದಿನೈದಕ್ಕೆ ಮುಗಿಯುತ್ತದೆಂಬುದು ನನಗೂ ಗೊತ್ತು. ನಮ್ಮ ಶಾಲೆಯಲ್ಲಿ ಪಂಚಾಂಗ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ಪಡೆದವರು ಯಾರೂ ಇಲ್ಲ. ಆದರೆ ಬಿಸಿಲು ಇಳಿದ ಮರುದಿನದವರೆಗೆ ಆಶ್ವಯುಜದ ಈ ಪಕ್ಷವನ್ನು ಮುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಚಂದ್ರ ತನ್ನ ಪಾಡಿಗೆ ತಾನು ತುಂಬಿ ಕರಗುತ್ತಾನೆ. ನಾವು ಹದಿನಾರು, ಹದಿನೇಳು ಎಂದು ಎಣಿಸುತ್ತ ಕೂಡುತ್ತೇವೆ. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಓದಿ ಕಲಿತವಳು, ಕೇಳಿ ಕಲಿತವಳಲ್ಲ. ನಮ್ಮ ಕೆಲವು ಪದಗಳು ಹೇಳುವ ವಸ್ತುಗಳು ನಿಮ್ಮಲ್ಲಿಲ್ಲ. ನಿಮ್ಮ ಅನೇಕ ಪದಗಳು ಹೇಳುವ ವಸ್ತುಗಳು ನಮ್ಮಲ್ಲಿಲ್ಲ. ಎರಡನೆಯದಕ್ಕೆ ಕ್ಷಮೆ ಕೇಳಬೇಕಾದವಳು ನಾನಲ್ಲ.

ಈ ಓಲೆಯೂ ಒಂದು ಪದ್ಧತಿಯೇ. ತೆರಪು ಸಾರಿದ ಹುಡುಗಿ ಮರುದಿನ ನಿಮಗೆ, ಅಂದರೆ ನೂರಿಪ್ಪತ್ತು ವರ್ಷ ಹಿಂದಿನವರಿಗೆ, ವಂದನೆಯ ಓಲೆ ಬರೆದು ಶಾಲೆಯಲ್ಲಿ ಓದಬೇಕು. ಕಳೆದ ವರ್ಷದವಳು ನಿಮಗೆ ಚೆಂಡುಹೂವಿನ ಮಾಲೆ ಹಾಕುವ ಕಲ್ಪನೆ ಮಾಡಿ ಎಲ್ಲರ ಕಣ್ಣಲ್ಲಿ ನೀರು ತರಿಸಿದಳು. ನಾನು ವಂದನೆ ಬರೆಯುತ್ತಿಲ್ಲ. ನನ್ನ ಗುರುಗಳಿಗೆ ಇದನ್ನು ಮೊದಲೇ ತಿಳಿಸಿದ್ದೇನೆ.

ತೆರಪು ಎಂದರೆ ಏನೆಂದು ಹೇಳುತ್ತೇನೆ. ನಮಗೆ ಉರಿಗಾಲವೊಂದೇ ದೊಡ್ಡ ಕಾಲ. ಅದರೊಳಗೇ ಮಳೆ ಬರುತ್ತದೆ. ಅದನ್ನು ಮಳೆ ಎನ್ನದೆ ಸುರಿತ ಎನ್ನುತ್ತೇವೆ, ಏಕೆಂದರೆ ಮೂರು ನಾಲ್ಕು ಸಲ ಆಕಾಶ ಕೊಡ ಬೋರಲು ಹಾಕಿದಂತೆ ಸುರಿದು ಮಣ್ಣನ್ನು ಹೊತ್ತೊಯ್ದು ಬಿಡುತ್ತದೆ. ಸುರಿತದ ನಂತರದ ಸೆಕೆಯೇ ಎಲ್ಲಕ್ಕಿಂತ ಕ್ರೂರ. ಗಾಳಿಯಲ್ಲಿ ನೀರು ತುಂಬಿರುತ್ತದೆ, ಮೈಯ ಬೆವರು ಆರುವುದಿಲ್ಲ, ನೆರಳಿನಲ್ಲಿ ಕೂತ ಗಟ್ಟಿ ಆಳೂ ಮಧ್ಯಾಹ್ನದೊಳಗೆ ಕುಸಿಯುತ್ತಾನೆ. ಆ ತಿಂಗಳುಗಳೆಲ್ಲ ನಾವು ಗುಡ್ಡದ ಒಳಗೆ ಕೊರೆದ ಓಣಿಗಳಲ್ಲಿ ಬದುಕುತ್ತೇವೆ. ಒಳಊರಿನ ತುದಿಯಲ್ಲಿ ತಂಪುಗಾಣವಿದೆ. ಆಳದ ನೀರನ್ನು ಎತ್ತಿ ಗೋಡೆಗಳಲ್ಲಿ ಹರಿಸಿ ಗಾಳಿಯನ್ನು ತಣಿಸುವ ಯಂತ್ರ ಅದು. ಅದರ ಗುನುಗು ನಿಂತರೆ ಮಲಗಿದ ಕೂಸೂ ಎಚ್ಚರಗೊಳ್ಳುತ್ತದೆ. ಓಣಿಯ ಗೋಡೆಗೆ ಬೆನ್ನು ಹಚ್ಚಿ ರೊಟ್ಟಿ ಬಡಿಯುತ್ತಾರೆ, ಮದುವೆಯ ಮಾತು ಆಡುತ್ತಾರೆ, ಜಗಳ ಆಡುತ್ತಾರೆ. ಕೊನೆಗೊಂದು ಬೆಳಗು ಪಡುವಣ ಗಾಳಿ ಸೋತು ಮೂಡಣದಿಂದ ಒಣಗಾಳಿ ತಿರುಗುತ್ತದೆ. ಅಲ್ಲಿಂದ ಧೂಳುಗಾಲ ಶುರುವಾಗುವವರೆಗೆ ಇರುವ ಸಣ್ಣ ಸಂದೇ ತೆರಪು. ನೀವು ಅದನ್ನು ಶರದೃತು ಎನ್ನುತ್ತಿದ್ದಿರಂತೆ. ನಿಮಗೆ ಅದು ಎರಡು ತಿಂಗಳು ಇತ್ತಂತೆ. ಆ ಪಾಠ ಮಾಡುವಾಗ ನಮ್ಮ ಗುರುಗಳು ಧ್ವನಿ ತಗ್ಗಿಸುತ್ತಾರೆ.

ತೆರಪು ಬಂದಿತೆಂದು ಸಾರುವ ಕೆಲಸ ಪ್ರತಿ ವರ್ಷ ಕೊನೆಯ ತರಗತಿಯ ಮೊದಲನೆಯವಳದು. ಅವಳಿಗೆ ಸಾರುಗಿತ್ತಿ ಎಂದು ಹೆಸರು. ನಸುಕಿನಲ್ಲಿ ಅವಳೊಬ್ಬಳಿಗೇ ಬಾಗಿಲು ತೆರೆಯುತ್ತಾರೆ. ಗುಡ್ಡದ ನೆತ್ತಿಯ ಕಟ್ಟೆಯ ಮೇಲೆ, ತೋಳಿಗೆ ಒದ್ದೆ ಅರಿವೆ ಸುತ್ತಿಕೊಂಡು, ಸೂರ್ಯ ಒಂದು ಮಾರು ಮೇಲೇರುವವರೆಗೆ ಅವಳು ಕೂಡಬೇಕು. ಅರಿವೆ ತಣ್ಣಗಾಗಿ ತೋಳಿನ ರೋಮ ನಿಂತರೆ ತೆರಪು ಬಂದಿದೆ. ಕಿವಿಯಲ್ಲಿ ಯಾರೂ ಏನೂ ಊದಬಾರದೆಂದು ಆ ಹೊತ್ತು ಅವಳ ಬಳಿ ಯಾರೂ ಇರಕೂಡದು. ಇದನ್ನು ಅಳೆಯುವ ಉಪಕರಣಗಳು ನಮ್ಮಲ್ಲಿ ಇಲ್ಲವೆಂದಲ್ಲ. ಆದರೆ ಉಪಕರಣವನ್ನು ಬೈದರೆ ಸಮಾಧಾನವಾಗುವುದಿಲ್ಲ, ಹುಡುಗಿಯನ್ನು ಬೈಯಬಹುದು. ಅವಳು ಸಾರಿದ ಗಳಿಗೆಗೆ ತಂಪುಗಾಣವನ್ನು ನಿಲ್ಲಿಸಿ, ಬಿಚ್ಚಿ, ತೊಳೆಯಲು ಇಡುತ್ತಾರೆ. ಬಿಚ್ಚಿದ ಗಾಣ ಮತ್ತೆ ತಿರುಗಲು ಅರ್ಧ ತಿಂಗಳಾದರೂ ಬೇಕು. ಅವಳು ತಪ್ಪಿದರೆ ಒಳಗೂ ಉರಿ, ಹೊರಗೂ ಉರಿ.

ಈ ವರ್ಷ ಆ ಹುಡುಗಿ ನಾನು. ಇದಕ್ಕಾಗಿ ಐದು ವರ್ಷ ಓದಿದ್ದೇನೆ. ಅದೃಷ್ಟವೆಂದು ಯಾರೂ ಹೇಳಬೇಕಿಲ್ಲ.

ಇದೇ ವರ್ಷ ನನ್ನ ಆಯಿ, ತಾಯಿಯ ತಾಯಿ ಶಾವಂತ್ರೆವ್ವ, ಹಾಸಿಗೆ ಹಿಡಿದಳು. ಹೆಚ್ಚು ದಿನವಿಲ್ಲವೆಂದು ವೈದ್ಯೆ ಹೇಳಿ ಹೋದರು. ಆಯಿಗೆ ಬೇಕಿದ್ದುದು ಒಂದೇ: ಇನ್ನೊಂದು ತೆರಪಿನಲ್ಲಿ ಹೊರಗೆ ಕೂತು ಬುತ್ತಿ ಬಿಚ್ಚುವುದು. ಸೆಕೆಯಲ್ಲಿ ಅವಳನ್ನು ಬಾಗಿಲ ಹೊರಗಿಟ್ಟರೆ ಆ ಉಸಿರು ಒಂದು ಗಳಿಗೆಯೂ ತಡೆಯುತ್ತಿರಲಿಲ್ಲ. ನಾನು ಪ್ರತಿ ಬೆಳಗೂ ಕಟ್ಟೆಯಿಂದ ಇಳಿದು ಅವಳ ಹಾಸಿಗೆಯ ಬಳಿ ಬರುತ್ತಿದ್ದೆ.

“ಏನ್ ಬೇ ಶ್ಯಾಣ್ಯಾಕಿ, ಇವತ್ತರ ಬಂತೇನ ನಿನ್ನ ತೆರಪು?”

“ಇಲ್ಲ ಆಯಿ. ಅರಿವಿ ಬೆಚ್ಚಗನ ಐತಿ.”

“ಬಂತು ಅಂದ್ರ ನಾಲಿಗಿ ಸುಡ್ತೈತೇನ ನಿಂದು?”

“ನನ್ನ ನಾಲಿಗಿ ಅಲ್ಲ, ಓಣ್ಯಾಗಿನ ಕೂಸುಗಳು ಸುಡ್ತಾವು.”

“ಅದಕ್ಕ ಮೊದಲನೇ ನಂಬರ ಬರಬ್ಯಾಡ ಅಂದಿದ್ದೆ. ಎರಡನೇದಾಕಿ ಆಗಿದ್ರ ಈಗ ನನ್ನ ಕಾಲ ಒತ್ತಕೋತ ಕುಂದರತಿದ್ದಿ.”

ಅವಳು ನಗುತ್ತಲೇ ಇದನ್ನು ಹೇಳಿದಳು. ಆಮೇಲೆ ಕೆಮ್ಮು ಬಂದು ನಗು ನಿಂತಿತು. ತೆರಪಿನಲ್ಲಿ ಕೂತರೆ ಮನಸ್ಸಿಗೆ ಹೇಗಿರುತ್ತದೆಂದು ನಾನು ಒಮ್ಮೆ ಕೇಳಿದೆ. ನಮ್ಮ ಪಠ್ಯದಲ್ಲಿ ಗಾಳಿಯ ದಿಕ್ಕಿದೆ, ತೇವದ ಲೆಕ್ಕವಿದೆ, ಈ ವಿಷಯವಿಲ್ಲ. “ಖುಷಿ ಅಲ್ಲ, ದುಃಖನೂ ಅಲ್ಲ. ಮದಿವಿ ಮುಗದ ಮನಿ ಇದ್ದಂಗ. ಬೀಗರು ಹೋಗ್ಯಾರ, ಹಂದರ ಇನ್ನೂ ಬಿಚ್ಚಿಲ್ಲ, ಕೆಲಸ ಏನೂ ಇಲ್ಲ, ಒಬ್ಬಾಕಿನ ಹಂದರದ ಕೆಳಗ ಕುಂತೀನಿ. ಹಂಗ,” ಎಂದಳು ಆಯಿ.

ಒಂದು ಸಂಜೆ ಪಂಚರ ಹಿರಿಯರಾದ ಅಡಿವೆಪ್ಪನವರು ನಮ್ಮ ಓಣಿಗೆ ಬಂದರು. ಮಾತು ಮೆತ್ತಗಿತ್ತು. “ತಂಗಿ, ಹೊಳಿ ಆಚೆ ಊರಾಗ ನಿನ್ನೆನ ಸಾರ್ಯಾರ. ಅವರ ಹುಡುಗಿಗೆ ತಂಪ ಹತ್ತಿದ್ದು ನಿನಗ್ಯಾಕ ಹತ್ತವಲ್ದು? ಮಂದಿ ಬೇಸತ್ತಾರ. ನಿಮ್ಮ ಆಯಿನೂ ಹೊರಗ ಹೋಗಲಿ ಪಾಪ. ಮಂದಿಗಿಂತ ನೀ ಏನು ದೊಡ್ಡ ಶ್ಯಾಣ್ಯಾಕಿ ಏನು?”

“ಹೌದ್ರೀ ಕಾಕಾ,” ಎಂದೆ. “ಅದಕ್ಕ ನನ್ನ ಕಟ್ಟಿ ಮ್ಯಾಲ ಕುಂಡ್ರಿಸೀರಿ.”

ಅವರು ಎದ್ದು ಹೋದರು. ಓಣಿಯಲ್ಲಿ ನನ್ನ ಕಡೆ ಮುಖ ಮಾಡಿ ಮಾತಾಡುವವರು ಕಡಿಮೆಯಾದರು. ಮರುದಿನ ಕಟ್ಟೆಯ ಮೇಲೆ ಕೂತಾಗ ಬೂದು ಬೆಳಕಿನಲ್ಲಿ ಹೊಳೆಯಾಚೆಯ ಜನ ಬಯಲಿಗೆ ಬಂದು ಕೂತದ್ದು ಚುಕ್ಕೆ ಚುಕ್ಕೆಯಾಗಿ ಕಾಣುತ್ತಿತ್ತು. ನನ್ನ ತೋಳಿನ ಅರಿವೆ ಬೆಚ್ಚಗೇ ಇತ್ತು. ಒಂದು ಮಾತು ಹೇಳಿದರೆ ಆಯಿ ಮಧ್ಯಾಹ್ನದೊಳಗೆ ಆಕಾಶದ ಕೆಳಗಿರುತ್ತಾಳೆ. ಆ ಒಂದು ಮಾತು ನನ್ನ ಬಾಯಲ್ಲಿ ಬಹಳ ಹೊತ್ತು ಇತ್ತು. ಅದನ್ನು ನಾನು ನುಂಗಿ ಕೆಳಗಿಳಿದೆ. ಇಲ್ಲ ಎಂದೆ. ಅದರ ಮರುದಿನವೂ ಇಲ್ಲ ಎಂದೆ. ಆ ದಿನ ಊಟದ ಹೊತ್ತಿಗೆ ಆಯಿ ತೀರಿಕೊಂಡಳು, ತಂಪುಗಾಣದ ಗೋಡೆಗೆ ಕೈ ಹಚ್ಚಿಕೊಂಡು.

ಅಂದೇ ಸಂಜೆ ಹೊಳೆಯಾಚೆಯ ಸುದ್ದಿ ಬಂದಿತು. ಅವರ ಗಾಣ ಬಿಚ್ಚಿಟ್ಟಾಗಿತ್ತು, ಸೆಕೆ ಮರಳಿತ್ತು, ಎಳೆಯವರನ್ನೂ ಮುದುಕರನ್ನೂ ಅವರು ಬಯಲಿನಲ್ಲೇ ಮಣ್ಣು ಮಾಡಿದರು. ಅಡಿವೆಪ್ಪನವರು ನಮ್ಮ ಮನೆಗೆ ಬಂದು ಆಯಿಯ ಕಾಲ ಬಳಿ ಕೂತರು. ನನಗೆ ಏನೂ ಹೇಳಲಿಲ್ಲ. ಯಾರೂ ಹೇಳಲಿಲ್ಲ. ಸರಿ ಹೇಳಿದವಳಿಗೆ ಕೃತಜ್ಞತೆ ಹೇಳುವ ಮಾತು ನಮ್ಮ ಭಾಷೆಯಲ್ಲಿ ಇಲ್ಲವೇನೋ. ನೀವು ಬಿಟ್ಟುಹೋದ ಪದಕೋಶದಲ್ಲಿ ಹುಡುಕಿದೆ, ಅಲ್ಲಿಯೂ ಸಿಗಲಿಲ್ಲ.

ನಿನ್ನೆ ಅರಿವೆ ತಣ್ಣಗಾಯಿತು. ರೋಮ ನಿಂತಿತು. ನಾನು ಇಳಿದು ಬಂದು ಬಾಗಿಲಲ್ಲಿ ನಿಂತು, ಪದ್ಧತಿಯ ಮಾತನ್ನು ಪದ್ಧತಿಯಂತೆಯೇ ಹೇಳಿದೆ: “ಬಿಸಿಲು ಇಳಿದೈತಿ, ಬರ್ರಿ.” ಗಾಣ ನಿಂತಿತು. ಜನ ಬುತ್ತಿ ಹಿಡಿದು ಹೊರಬಂದರು. ಮೊದಲ ದಿನ ಯಾರೂ ಯಾವ ಕೆಲಸವನ್ನೂ ಮಾಡಬಾರದೆಂಬುದು ನಮ್ಮ ಕಟ್ಟಳೆ, ಸುಮ್ಮನೆ ಕೂಡಬೇಕು. ಎಲ್ಲರೂ ಕೂತರು. ಕಲ್ಲುಗಳ ನಡುವೆ ಎಲ್ಲಿಂದಲೋ ನಾಲ್ಕು ಗುರೆಳ್ಳಿನ ಹೂ ಹಳದಿಯಾಗಿ ಅರಳಿದ್ದವು. ಬಿಳಿ ಮೋಡಗಳು ಯಾವ ಅವಸರವೂ ಇಲ್ಲದೆ ಹೋಗುತ್ತಿದ್ದವು. ಹೆಂಗಸರು ಮೈಯ ಮೇಲಿನ ಗಾಳಿಗೆ ಕಣ್ಣು ಮುಚ್ಚಿ ಅತ್ತರು. ನಾನೂ ಕೂತೆ. ಗಾಳಿ ಮೂಡಣದ್ದು, ಒಣಗಿದ್ದು, ಬೆವರು ಸರಿಯಾಗಿ ಆರುತ್ತಿತ್ತು. ಇದಿಷ್ಟೂ ನನಗೆ ತಿಳಿಯಿತು. ಆಯಿ ಹೇಳಿದ ಮದುವೆ ಮುಗಿದ ಮನೆ ಮಾತ್ರ ಸಿಗಲಿಲ್ಲ. ಹಂದರವಿತ್ತು, ಕೆಳಗೆ ಕೂಡಬೇಕಾದವಳು ಇರಲಿಲ್ಲ.

ಈಗ ನಿಮ್ಮ ವಿಷಯ. ಬಿಸಿಲು ಹೆಚ್ಚಿಸಿದ್ದು ಯಾರು ಎಂಬ ಜಗಳವನ್ನು ನಾನು ತೆಗೆಯುವುದಿಲ್ಲ. ಅದರ ಪಾಠ ಬೇರೆ ಇದೆ, ಅದರಲ್ಲಿಯೂ ನನಗೆ ಪೂರ್ಣ ಅಂಕ. ನನ್ನ ಸಿಟ್ಟು ಇದಕ್ಕಿಂತ ಸಣ್ಣದು. ನಮ್ಮ ಸಂಗ್ರಹದಲ್ಲಿರುವ ನಿಮ್ಮ ದಿನಚರಿಗಳನ್ನೆಲ್ಲ ಓದಿದ್ದೇನೆ. ಬೇಸಿಗೆಯ ಮೇಲೆ ದೂರು ಬರೆದಿದ್ದೀರಿ, ಮಳೆಯ ಮೇಲೆ ದೂರು ಬರೆದಿದ್ದೀರಿ, ಚಳಿಯ ಮೇಲೂ ಬರೆದಿದ್ದೀರಿ. ಮಳೆ ಹಿಂದೆಗೆದು ಆಕಾಶ ತೊಳೆದಿಟ್ಟಂತಿದ್ದ ಆ ಎರಡು ತಿಂಗಳ ಮೇಲೆ ಒಂದು ಸಾಲೂ ಇಲ್ಲ. ದೂರಲು ಏನೂ ಇರಲಿಲ್ಲವಲ್ಲ. ಅದಕ್ಕೊಂದು ಸಂಸ್ಕೃತದ ಹೆಸರಿಟ್ಟು ಶಾಲೆಯ ಮಕ್ಕಳಿಗೆ ಬಾಯಿಪಾಠ ಮಾಡಿಸಿ ನೀವು ಒಳಗೆ ಹೋಗಿ ಕೂತಿರಿ. ಯಾವ ಹುಡುಗಿಯ ಅಪ್ಪಣೆಯೂ ಬೇಕಿಲ್ಲದ ಬಾಗಿಲನ್ನು ನೀವೇ ಹಾಕಿಕೊಂಡಿರಿ.

ಆದ್ದರಿಂದ ನಿಮ್ಮ ಪಶ್ಚಾತ್ತಾಪ ನನಗೆ ಬೇಡ, ಅದರಿಂದ ಇಲ್ಲಿ ಒಂದು ಅರಿವೆಯೂ ತಣಿಯುವುದಿಲ್ಲ. ಕೇಳುವುದು ಒಂದೇ. ಈ ಓಲೆ ಮುಟ್ಟಿದಾಗ ಮಳೆ ಬಿಟ್ಟ ದಿನಗಳಿದ್ದರೆ, ನಿಮ್ಮ ಮನೆಯ ಮುದುಕಿಯನ್ನು ಕರೆದುಕೊಂಡು ಹೊರಗೆ ಹೋಗಿ. ಗಾಳಿಯನ್ನು ಅಳೆಯಬೇಡಿ, ಬಂದಿತೋ ಇಲ್ಲವೋ ಎಂದು ಯಾರನ್ನೂ ಕೇಳಬೇಡಿ, ಸುಮ್ಮನೆ ಅವಳ ಪಕ್ಕ ಕೂಡಿ. ಅವಳು ಸೀರೆ ಬದಲಿಸುತ್ತೇನೆ, ಚಪ್ಪಲಿ ಸಿಗುತ್ತಿಲ್ಲ ಎಂದು ತಡ ಮಾಡಿದರೆ ಗದರಿಸಬೇಡಿ. ತಡವಾಗಲಿ. ನಿಮ್ಮ ತೆರಪು ಅವಳಿಗಾಗಿ ಕಾಯುತ್ತದೆ.

ನೀಲಾಂಬಿಕಾ ಹಂಚಿನಾಳ
ಈ ವರ್ಷದ ಸಾರುಗಿತ್ತಿ