ಮೀಟರಿಗೆ ಸಿಗದ ಓಟ

ಭಾನುವಾರ, ಮಾರ್ಚ್ ೯

ಪ್ರೀತಿಯ ಪುಟ್ಟಿ,

ಅಮ್ಮನ ಕೈಬರಹ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಕ್ಷೇಮ. ಎಲ್ಲರೂ ಅಂದರೆ ನಾನು, ನಿಮ್ಮಪ್ಪ ಮತ್ತು ಕಾರು. ಕಾರಿನ ಎಡಗಡೆಯ ದೀಪ ಮಾತ್ರ ಒಡೆದಿದೆ. ಯಾಕೆ ಒಡೆಯಿತು ಅನ್ನುವುದನ್ನು ಸರದಿ ಬಂದಾಗ ಹೇಳುತ್ತೇನೆ.

ಮೊನ್ನೆ ಫೋನಿನಲ್ಲಿ ನೀನು "ಕಾರು ಮಾರಾಟವಾಯ್ತಾ?" ಅಂತ ಕೇಳಿದೆ. ನಿಮ್ಮಪ್ಪ "ಬೆಲೆ ಕೂಡಿಬರ್ಲಿಲ್ಲ" ಅಂದು ಫೋನ್ ಇಟ್ಟುಬಿಟ್ಟರು. ಅದು ಸುಳ್ಳು. ಬೆಲೆ ಚೆನ್ನಾಗಿಯೇ ಬಂದಿತ್ತು. ಮೂವತ್ತು ವರ್ಷ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ಅಂಗಡಿ ಅಂಗಡಿಯ ತಕ್ಕಡಿ ಪರೀಕ್ಷಿಸಿದ ಮನುಷ್ಯ ಮಗಳಿಗೆ ಸುಳ್ಳು ಹೇಳಿದರು ಅಂದರೆ ಅದಕ್ಕೊಂದು ಕಾರಣವಿರಬೇಕಲ್ಲ? ಆ ಕಾರಣ ನಾನೇ. ಫೋನಿನಲ್ಲಿ ಹೇಳಹೊರಟರೆ ನೀನು ನಡುನಡುವೆ ನಗುತ್ತೀಯ, ಬಾಯಿ ಹಾಕುತ್ತೀಯ. ಅದಕ್ಕೇ ಈ ಪತ್ರ. ಕಾಗದದ ಮುಂದೆ ನಿನ್ನ ಆಟ ನಡೆಯದು.

ನೀನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. "ಅಮ್ಮ, ಹೊಸ ಕಾರಿಗೆ ಆರಾರು ತಿಂಗಳು ಕಾಯ್ಬೇಕು, ಅದಕ್ಕೇ ಜನ ಹಳೇದಕ್ಕೆ ಮುಗಿಬಿದ್ದಿದ್ದಾರೆ. ಹದಿನಾಲ್ಕು ವರ್ಷದ ಕಾರಿಗೆ ಇಂಥಾ ಬೆಲೆ ಇನ್ಯಾವತ್ತೂ ಬರಲ್ಲ. ಮಾರಿಬಿಡಿ. ಕ್ಲಚ್ಚೇ ಇಲ್ಲದ ಕಾರು ಬುಕ್ ಮಾಡ್ತೀನಿ, ಅಪ್ಪನ ಮಂಡಿಗೂ ಒಳ್ಳೇದು" ಅಂದೆ. ನಿಮ್ಮಪ್ಪನ ಎಡಮಂಡಿ ಈಗ ಕ್ಲಚ್ ತುಳಿದಾಗಲೆಲ್ಲ ಕಿರುಗುಟ್ಟುತ್ತದೆ, ಅದೂ ನಿಜ. ಆದರೆ ನೀನು "ಕ್ಲಚ್ಚೇ ಇಲ್ಲ" ಅಂದ ತಕ್ಷಣ ನಾನು ಫೋನನ್ನು ನಿಮ್ಮಪ್ಪನ ಕೈಗೆ ಕೊಟ್ಟುಬಿಟ್ಟೆನಲ್ಲ, ಯಾಕೆ ಅಂತ ನೀನು ಕೇಳಲಿಲ್ಲ. ಈಗ ಕೇಳು.

ಕಳೆದ ಗುರುವಾರ ಹಳೇ ಕಾರುಗಳ ಅಂಗಳಕ್ಕೆ ಹೋದೆವು. ಊರಾಚೆ, ಹೆದ್ದಾರಿಯ ಪಕ್ಕ. ತಗಡಿನ ಮಾಡಿನ ಕೆಳಗೆ ಐವತ್ತು ಅರವತ್ತು ಕಾರು ಸಾಲಾಗಿ ನಿಂತಿದ್ದವು. ಒಂದೊಂದರ ಮುಂದಿನ ಗಾಜಿನ ಮೇಲೂ ಬಿಳಿ ಬಣ್ಣದಲ್ಲಿ ಬೆಲೆ ಬರೆದಿದ್ದರು. ನನಗೋ ಜಾತ್ರೆಗೆ ಬಂದ ಮಗುವಿನ ಹಾಗೆ ಕಣ್ಣು ಎಲ್ಲಿ ನೆಡಬೇಕೋ ತಿಳಿಯಲಿಲ್ಲ. ಒಂದೇ ಬಣ್ಣ, ಒಂದೇ ವರ್ಷದ ಎರಡು ಕಾರು ಪಕ್ಕಪಕ್ಕದಲ್ಲೇ ಇವೆ, ಒಂದರ ಬೆಲೆ ಇನ್ನೊಂದರ ಒಂದೂವರೆ ಪಟ್ಟು! ಯಾಕಿರಬಹುದು?

ಬೆಲೆ ಕಟ್ಟುವವನು ಬಂದ. ನಡುಹಗಲಲ್ಲಿ ಕೈಯಲ್ಲಿ ಟಾರ್ಚ್. ನಾನು ಮನಸ್ಸಿನಲ್ಲೇ ಅವನಿಗೆ ಟಾರ್ಚಣ್ಣ ಅಂತ ಹೆಸರಿಟ್ಟೆ. ಅವನು ಕಾರು ನೋಡುವ ಪರಿಯನ್ನು ನೀನು ನೋಡಬೇಕಿತ್ತು ಪುಟ್ಟಿ. ಬಾಗಿಲಿಗೆ ಬೆರಳಿನಿಂದ ಟಕಟಕ ಬಡಿದು ಕಿವಿಗೊಟ್ಟ. ಬಾಗಿಲಂಚಿನ ರಬ್ಬರನ್ನು ಎತ್ತಿ ಒಳಗಿನ ಬಣ್ಣ ನೋಡಿದ. ಎಣ್ಣೆಯ ಮುಚ್ಚಳ ತಿರುವಿ ಮೂಸಿದ. ನಾನು ಹಿಂದೆಯೇ ಸುತ್ತುತ್ತ, ಇದೇನು, ಅದೇನು ಅಂತ ಕೇಳುತ್ತಲೇ ಹೋದೆ. "ಏನಮ್ಮಾ, ನನ್ನ ಕೆಲಸ ಕಿತ್ಕೊಳ್ಳೋ ಪ್ಲಾನಾ?" ಅಂದ. "ಇಲ್ಲಪ್ಪ, ನಾನು ಹೊಲಿಗೆಯೋಳು. ಅಂಗಿ ಕೈಗೆ ಬಂದ್ರೆ ಮೊಣಕೈ ಸವೆದಿರೋದು ನೋಡಿ ಅದು ಮೇಜಿನ ಕೆಲಸದವರದ್ದೋ ಮೂಟೆ ಹೊರೋರದ್ದೋ ಹೇಳಬಲ್ಲೆ. ನೀನೂ ಹಂಗೇ ನೋಡ್ತಿದ್ದೀಯ ಅನ್ನಿಸ್ತು" ಅಂದೆ. ಅವನಿಗೆ ಖುಷಿಯಾಯಿತು. "ಅದೇ ಅಮ್ಮಾ! ಮಾಲೀಕರು ಏನ್ ಬೇಕಾದ್ರೂ ಹೇಳ್ಲಿ, ಸವೆತ ಸುಳ್ಳು ಹೇಳಲ್ಲ" ಅಂದ.

ಆಮೇಲೆ ಚಾಲಕರ ಕಡೆಯ ಬಾಗಿಲು ತೆಗೆದು, ಮಂಡಿಯೂರಿ, ಕಾಲಿಡುವ ಜಾಗಕ್ಕೆ ಟಾರ್ಚ್ ಬಿಟ್ಟ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಅವನು ಮೀಟರ್ ನೋಡಿದ. ಮತ್ತೆ ಬಗ್ಗಿ ಪೆಡಲ್ ನೋಡಿದ. ಗೇರಿನ ಹಿಡಿಯ ಮೇಲೆ ಹೆಬ್ಬೆರಳಾಡಿಸಿದ. ಅಲ್ಲಿನ ಅಂಕಿಗಳು ಅಳಿಸಿಹೋಗಿ ಹಿಡಿ ಗೋಲಿಯ ಹಾಗೆ ನುಣ್ಣಗಾಗಿದೆ. ಎದ್ದು ನಿಂತು, ಕೈ ಕೊಡವಿಕೊಂಡು, ನಿಮ್ಮಪ್ಪನ ಕಡೆ ಕಣ್ಣು ಮಿಟುಕಿಸಿದ. "ಸಾರ್, ಫೋನಲ್ಲಿ ಎರಡು ಲಕ್ಷ ಅರವತ್ತು ಸಾವಿರ ಅಂದಿದ್ದೆ. ಮೀಟರು ಮೂವತ್ತೆಂಟು ಸಾವಿರ ಓಡಿದೆ ಅನ್ನುತ್ತೆ. ಕ್ಲಚ್ ಪೆಡಲ್ ಒಂದೂವರೆ ಲಕ್ಷ ಅನ್ನುತ್ತೆ. ರಬ್ಬರ್ ಸವೆದು ಕಬ್ಬಿಣ ಕಾಣ್ತಿದೆ ನೋಡಿ. ನಾನು ಒಂದು ಲಕ್ಷ ನಲವತ್ತರ ಮೇಲೆ ಕೊಡಲ್ಲ. ಅಂದಹಾಗೆ ಮೀಟರ್ ಹಿಂದಕ್ಕೆ ತಿರುಗಿಸಿದ್ದು ಯಾರ ಹತ್ರ? ಪುಣ್ಯಾತ್ಮ ಒಂದು ಗುರುತೂ ಬಿಟ್ಟಿಲ್ಲ!"

ಯಾರಿಗೆ ಈ ಮಾತು? ನನ್ನ ಸ್ವಂತ ಅಣ್ಣನ ಅಂಗಡಿಯ ತಕ್ಕಡಿಯಲ್ಲಿ ಹತ್ತು ಗ್ರಾಂ ವ್ಯತ್ಯಾಸ ಕಂಡು ಅದಕ್ಕೆ ಮೊಹರು ಹಾಕಿ ಹೊತ್ತುಕೊಂಡು ಬಂದವರಿಗೆ! ಆಮೇಲೆ ಎರಡು ವರ್ಷ ಅಣ್ಣ ನಮ್ಮ ಹೊಸಿಲು ತುಳಿಯಲಿಲ್ಲ, ನಿನಗೆ ನೆನಪಿರಬೇಕು. ನಿಮ್ಮಪ್ಪ ಈಗ ಸಿಡಿಯುತ್ತಾರೆ, ಅಂಗಳವೇ ನಡುಗುತ್ತದೆ ಅಂತ ಕಾದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, "ಇರಬಹುದು" ಅಂದರು.

ಇರಬಹುದು! ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಟಾರ್ಚಣ್ಣ ಒಂದು ಕಾಗದ ತಂದ. ಕಾರಿನ ವಿವರ, ಕೆಳಗೊಂದು ಸಾಲು: 'ಮೀಟರ್ ತಿದ್ದಿರುವುದನ್ನು ಮಾಲೀಕರು ಒಪ್ಪಿದ್ದಾರೆ.' "ನಮಗೆ ಮುಂದೆ ಕೊಳ್ಳೋರ ತಕರಾರು ಬೇಡ ಸಾರ್, ಒಂದು ಸಹಿ ಹಾಕಿಬಿಡಿ" ಅಂದ. ನಿಮ್ಮಪ್ಪ ಜೇಬಿನಿಂದ ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಮೂವತ್ತು ವರ್ಷದ ಮಾನ ಆ ಪೆನ್ನಿನ ತುದಿಯಲ್ಲಿ ನೇತಾಡುತ್ತಿದೆ, ನಾನು ಕೈಚೀಲ ಹಿಡಿದುಕೊಂಡು ಗೊಂಬೆಯ ಹಾಗೆ ನಿಂತಿದ್ದೇನೆ. ತಡೆಯಲಾಗಲಿಲ್ಲ. "ರೀ, ಇಡ್ರೀ ಪೆನ್ನು! ಅದು ನನ್ನ ಕಾಲು" ಅಂದುಬಿಟ್ಟೆ.

ಹೌದು ಪುಟ್ಟಿ. ಆ ರಬ್ಬರು ಸವೆಸಿದವಳು ನಾನೇ.

ನೀನು ಹಾಸ್ಟೆಲ್ಲಿಗೆ ಹೋದ ವರ್ಷ ಶುರುವಾದದ್ದು. ಹನ್ನೊಂದು ವರ್ಷವಾಯಿತು. ನಿಮ್ಮಪ್ಪ ಆಫೀಸಿನ ಜೀಪಿನಲ್ಲಿ ಊರೂರು ತಿರುಗುತ್ತಿದ್ದರು, ನಮ್ಮ ಕಾರು ಭಾನುವಾರದ ಗಿರಾಕಿಯಾಗಿ ಶೆಡ್ಡಿನಲ್ಲೇ ಇರುತ್ತಿತ್ತು. ಅವರು ನಿವೃತ್ತರಾದ ಮೇಲೂ ಮಧ್ಯಾಹ್ನದ ಅವರ ನಿದ್ದೆ ನನಗೆ ಸಾಕಾಗುತ್ತಿತ್ತು. ಮೂರು ಗಂಟೆಗೆ ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಹೊದಿಸಿ, ಅಡುಗೆಮನೆಯ ಮೊಳೆಯಲ್ಲಿದ್ದ ಎರಡನೇ ಬೀಗದಕೈ ಹಿಡಿದು ಹೋಗಿ ಕಾರಿನಲ್ಲಿ ಕೂರುತ್ತಿದ್ದೆ. ಚಪ್ಪಲಿ ಹಾಕಿಕೊಂಡೇ. ಡ್ರೈವರು ಬರಿಗಾಲಲ್ಲಿ ಕೂರುತ್ತಾರಾ? ಕ್ಲಚ್ ಒತ್ತು, ಒಂದನೇ ಗೇರು, ಮೆಲ್ಲಗೆ ಬಿಡು, ಎರಡನೇ ಗೇರು. ಇಂಜಿನ್ ಶುರು ಮಾಡಿದವಳಲ್ಲ, ಅಕ್ಕಪಕ್ಕದವರಿಗೆ ಕೇಳಿಸೀತೆಂಬ ಭಯ. ಹಾರನ್ನು ಬೇಕಾದಾಗ ಬಾಯಲ್ಲೇ ಪೀಂ ಅನ್ನುತ್ತಿದ್ದೆ. ಚಾವಿ ಹಾಕದಿದ್ದರೆ ಸ್ಟೀರಿಂಗ್ ಬಿಗಿದುಕೊಂಡು ನಿಲ್ಲುತ್ತದೆ, ಆದ್ದರಿಂದ ಅದು ಇದ್ದಲ್ಲೇ ಇರುತ್ತಿತ್ತು, ನನ್ನ ಕೈಗಳು ಮಾತ್ರ ಅದರ ಮೇಲೆ ಜಾರಿಕೊಂಡು ಎಡಕ್ಕೋ ಬಲಕ್ಕೋ ಹೋಗುತ್ತಿದ್ದವು.

ನಿನ್ನ ಹಾಸ್ಟೆಲ್ಲಿಗೆ ಎಷ್ಟು ಸಲ ಬಂದಿದ್ದೇನೆ ಗೊತ್ತಾ? ಮೂರು ತಿರುವು, ಒಂದು ಸೇತುವೆ, ಒಂದು ರೈಲ್ವೆ ಗೇಟು. ಗೇಟು ಹಾಕಿದ್ದ ದಿನ ನ್ಯೂಟ್ರಲ್ಲಿಗೆ ತಂದು ಕಾಯುತ್ತ ಕೂತಿದ್ದೂ ಉಂಟು. ಯಾಕೆ ಶುರು ಮಾಡಿದೆ ಅಂದರೆ, ಸುಮ್ಮನೆ, ಕುತೂಹಲ. ಮನೆಯಲ್ಲೊಂದು ಯಂತ್ರವಿದೆ, ಅದರ ಗುಟ್ಟೇನು ನೋಡೋಣ ಅಂತ. ಬೇರೇನಿಲ್ಲ.

ಟಾರ್ಚಣ್ಣ ನಂಬುತ್ತಾನಾ? "ಅಮ್ಮಾ, ಯಜಮಾನ್ರನ್ನ ಉಳಿಸ್ಕೊಳ್ಳೋಕೆ ಕಥೆ ಚೆನ್ನಾಗಿ ಕಟ್ತೀರ" ಅಂದ. "ಸರಿ, ಕೂತು ತೋರಿಸ್ತೀನಿ" ಅಂದೆ. ಸೀಟು ಮುಂದಕ್ಕೆಳೆದು, ಕಣ್ಣು ಮುಚ್ಚಿಕೊಂಡು, ಒಂದರಿಂದ ನಾಲ್ಕನೇ ಗೇರಿನವರೆಗೆ ಹೋಗಿ ವಾಪಸ್ ಬಂದೆ. ಒಂದು ಕಡೆಯೂ ತೊಡರಲಿಲ್ಲ. ಅವನು ಮತ್ತೆ ಬಗ್ಗಿ ಟಾರ್ಚ್ ಬಿಟ್ಟ. ನನ್ನ ಕಾಲು ಗಿಡ್ಡ ನೋಡು, ಪೆಡಲಿನ ಕೆಳಗಿನ ಅಂಚಿಗಷ್ಟೇ ತಾಗುತ್ತದೆ. ರಬ್ಬರೂ ಅಲ್ಲೇ, ಅಷ್ಟೇ ಸವೆದಿತ್ತು. ಆಮೇಲೆ ಚಕ್ರದ ಸಂದಿಗಳಲ್ಲಿ ಇಣುಕಿ ಬ್ರೇಕಿನ ತಟ್ಟೆ ನೋಡಿದ. ಹೊರಳಿ ಬಂದು ನಿಮ್ಮಪ್ಪನಿಗೆ ಕೈಮುಗಿದ. "ತಪ್ಪಾಯ್ತು ಸಾರ್. ತಟ್ಟೆ ಹೊಸದರ ಹಂಗಿದೆ, ರಸ್ತೇಲಿ ಓಡಿದ್ರೆ ಸವೀತಿತ್ತು. ಈ ಕೆಲಸದ ಇಪ್ಪತ್ತೆರಡು ವರ್ಷದಲ್ಲಿ ನಿಂತಲ್ಲೇ ನಿಂತು ಒಂದು ಲಕ್ಷ ಕಿಲೋಮೀಟರ್ ಓಡಿದ ಗಾಡಿ ನೋಡಿರ್ಲಿಲ್ಲ." ಆ ಕಾಗದವನ್ನು ಹರಿದು, ಎರಡು ಲಕ್ಷ ಅರವತ್ತಕ್ಕೆ ಈಗಲೇ ತೆಗೆದುಕೊಳ್ಳುತ್ತೇನೆ ಅಂದ.

ಈಗ ನಿಮ್ಮಪ್ಪ ನನ್ನ ಕಡೆ ತಿರುಗಿದರು. "ಏನ್ ಮಾಡೋಣ ಹೇಳು. ನನ್ನ ಮಂಡಿಗಂತೂ ಈ ಗಾಡಿ ಇನ್ನಾಗಲ್ಲ. ಇಟ್ಕೊಂಡ್ರೆ ಓಡ್ಸೋಳು ನೀನೇ." ಹೀಗೆ ಕೇಳುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಟಾರ್ಚಣ್ಣನನ್ನೇ ಕೇಳಿದೆ: "ಕಲಿಯೋರಿಗೆ ಎಂಥಾ ಗಾಡಿ ಒಳ್ಳೇದಪ್ಪ?" ಪಾಪ, ಬಂದ ವ್ಯಾಪಾರ ಕೈಬಿಟ್ಟು ಹೋಗುವುದು ಅವನಿಗೂ ಗೊತ್ತಾಗಿತ್ತು. ಆದರೂ ನಿಜ ಹೇಳಿದ. "ಹಳೇದೇ ಅಮ್ಮಾ. ಗೀರು ಬಿದ್ರೂ ಹೊಟ್ಟೆ ಉರಿಯಲ್ಲ. ಅದ್ರಲ್ಲೂ ನಿಮ್ಮ ಕಾಲಿಗೆ ಒಗ್ಗಿದ್ದನ್ನ ಬಿಟ್ಟು ಬೇರೆ ಯಾಕೆ?"

ಅಂಗಳದ ಹಿಂದೆ ಖಾಲಿ ಬಯಲಿದೆ, ಅವರದ್ದೇ ಜಾಗ. ನಿಮ್ಮಪ್ಪ ಅಲ್ಲಿಗೆ ಕಾರು ತಂದು, ಇಳಿದು, ಬಾಗಿಲು ಹಿಡಿದು ನಿಂತರು. ನಾನು ಕೂತೆ. ಚಾವಿ ತಿರುಗಿಸಿದೆ. ಅಬ್ಬಾ, ಪೆಡಲಿಗೆ ಜೀವ ಬಂದ ಹಾಗೆ ಕಾಲಡಿ ನಡುಕ! ಕ್ಲಚ್ ಬಿಟ್ಟೆ, ಕಾರು ನೀರಿನ ಮೇಲಿನ ದೋಣಿಯ ಹಾಗೆ ಹೊರಟಿತು. ಎರಡನೇ ಗೇರು. ಎದುರಿಗೊಂದು ಮರಳಿನ ರಾಶಿ. ಬಲಕ್ಕೆ ತಿರುಗಬೇಕು, ಗೊತ್ತಿದೆ. ನಾನು ಅಚ್ಚುಕಟ್ಟಾಗಿ ಕೈಗಳನ್ನು ಬಲಕ್ಕೆ ಜಾರಿಸಿದೆ. ಕೈಗಳು ತಿರುಗಿದವು, ಚಕ್ರ ತಿರುಗಲಿಲ್ಲ. "ಹಿಡಿದು ತಿರುಗ್ಸೇ! ಸವರೋದಲ್ಲ, ಹಿಡಿದು!" ಅಂತ ನಿಮ್ಮಪ್ಪ ಕೂಗುವಷ್ಟರಲ್ಲಿ ಕಾರು ಮೂತಿಯನ್ನು ಮರಳಿಗೆ ಹುಗಿದು ನಿಂತಿತ್ತು. ದೀಪ ಒಡೆದದ್ದು ಹಾಗೆ. ಟಾರ್ಚಣ್ಣ ದೂರದಿಂದಲೇ ಕೂಗಿದ: "ಅಮ್ಮಾ, ಹದಿನೈದು ಸಾವಿರ ಕಮ್ಮಿ ಆಯ್ತು!" ನಿಮ್ಮಪ್ಪ ನಕ್ಕರು ನೋಡು, ಹಿಂದೆಯೇ ಬಂದು ಡಿಕ್ಕಿಯ ಮೇಲೆ ಕೈಯೂರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಮನೆಗೆ ಬರುವಾಗ ಅವರೇ ಓಡಿಸಿದರು, ಹಲ್ಲು ಕಚ್ಚಿಕೊಂಡು. ನನ್ನನ್ನು ಒಂದೇ ಪ್ರಶ್ನೆ ಕೊರೆಯುತ್ತಿತ್ತು. "ಅಲ್ರೀ, ಅವನು ಅಷ್ಟು ದೊಡ್ಡ ಮಾತು ಅಂದಾಗ 'ಇರಬಹುದು' ಅಂದ್ರಲ್ಲ, ಯಾಕೆ?" ಅಂತ ಕೇಳಿದೆ. ಅವರು ರಸ್ತೆಯನ್ನೇ ನೋಡುತ್ತ, "ನಿನ್ನ ಕಾಲು ಅಂತ ನಂಗೊತ್ತಿತ್ತು. ಭಾನುವಾರ ಗಾಡಿ ತೆಗೆಯೋವಾಗೆಲ್ಲ ಸೀಟು ನಾಲ್ಕು ಹಲ್ಲು ಮುಂದೆ ಇರ್ತಿತ್ತು. ಮನೆಯಲ್ಲಿರೋದು ನಾವಿಬ್ರೇ. ಹೇಳೋದು ಬಿಡೋದು ನಿನ್ನಿಷ್ಟ, ನಾನ್ಯಾಕೆ ಬಾಯಿ ಬಿಡ್ಲಿ?" ಅಂದರು. ಹನ್ನೊಂದು ವರ್ಷ ಪುಟ್ಟಿ! ನಾನು ಗುಟ್ಟಾಗಿ ಸೀಟು ಎಳೆಯುವುದು, ಅವರು ಗುಟ್ಟಾಗಿ ಹಿಂದಕ್ಕೆ ತಳ್ಳುವುದು. ಒಬ್ಬರಿಗೊಬ್ಬರು ಒಂದು ಮಾತಿಲ್ಲ. ಇಂಥ ಸಂಸಾರವನ್ನು ಯಾವ ಟಾರ್ಚ್ ಬಿಟ್ಟು ನೋಡುವುದು?

ಅದಕ್ಕೆ ಹೇಳುತ್ತೇನೆ, ಕ್ಲಚ್ಚಿಲ್ಲದ ಆ ಕಾರು ಈಗ ಬೇಡ. ನೀನು ಹಟ ಮಾಡಬೇಡ. ಬೆಲೆ ಇಳಿದುಹೋಗುತ್ತದೆ ಅನ್ನುತ್ತೀಯ. ಇಳಿಯಲಿ. ಮಾರುವವರಿಗೆ ತಾನೇ ಬೆಲೆಯ ಚಿಂತೆ? ನನಗೀಗ ಬೇರೆ ಚಿಂತೆಗಳು ಬಹಳ ಇವೆ. ಹಿಂದಕ್ಕೆ ಹೋಗುವಾಗ ಕನ್ನಡಿಯಲ್ಲಿ ಎಡ ಯಾವುದು, ಬಲ ಯಾವುದು? ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜಾರದ ಹಾಗೆ ಹೊರಡಿಸುವುದು ಹೇಗೆ? ಶೆಡ್ಡಿನಲ್ಲಿ ಏರು ಇರಲಿಲ್ಲ ನೋಡು. ನಿನಗೆ ಗೊತ್ತಿದ್ದರೆ ಬರೆದು ಕಳಿಸು, ಚಿತ್ರ ಹಾಕಿ ಬರೆದರೆ ಇನ್ನೂ ಒಳ್ಳೆಯದು.

ಊಟ ನಿದ್ದೆ ಸರಿಯಾಗಿ ಮಾಡು. ನಕ್ಕಿದ್ದು ಸಾಕು, ಉತ್ತರ ಬರೆ.

ಇನ್ನೂ ಪರವಾನಗಿ ಇಲ್ಲದ,
ನಿನ್ನ ಅಮ್ಮ

ತಾ.ಕ.: ಪುಟ್ಟಿ, ಇದು ಅಪ್ಪ ಬರೆಯುತ್ತಿರುವುದು. ಲಕೋಟೆ ಅಂಟಿಸಲು ಅಮ್ಮ ಪತ್ರವನ್ನು ನನ್ನ ಕೈಗೆ ಕೊಟ್ಟಳು. ಕೇಳಿಯೇ ಓದಿದೆ. ಒಂದು ಕಡೆ ಅಳತೆ ಕಡಿಮೆ ಬಿದ್ದಿದೆ. ಕುತೂಹಲದಿಂದ ಶುರು ಮಾಡಿದೆ ಎಂದು ಬರೆದಿದ್ದಾಳೆ. ಹಾಗಲ್ಲ. ನೀನು ಹಾಸ್ಟೆಲ್ಲಿಗೆ ಹೋದ ವಾರ, "ಮಗಳನ್ನು ನೋಡಲು ನಾನೇ ಹೋಗುವಂತಾಗಬೇಕು, ಕಲಿಸಿ" ಎಂದು ಅಮ್ಮ ಕೇಳಿದ್ದಳು. ಒಂದೇ ಒಂದು ದಿನ ಕರೆದುಕೊಂಡು ಹೋದೆ. ಇಂಜಿನ್ ನಾಲ್ಕು ಸಲ ನಿಂತಿತು. ನಾನು ನಾಲ್ಕು ಜನರ ಮುಂದೆ, "ನಿನ್ನ ಕಾಲಿಗೆ ಹೊಲಿಗೆ ಮೆಷಿನ್ನೇ ಸಾಕು, ಇಳಿ" ಎಂದೆ. ಅವಳು ಇಳಿದು ಮನೆಗೆ ನಡೆದುಕೊಂಡು ಬಂದಳು. ಆ ಮಾತನ್ನು ಇವತ್ತಿಗೂ ಯಾರ ಮುಂದೆಯೂ ಎತ್ತಿಲ್ಲ, ನಿನ್ನ ಮುಂದೆಯೂ. ನಾನೂ ಅದನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಈಗ ಇಲ್ಲಿ ತೆಗೆದುಕೊಳ್ಳುತ್ತಿದ್ದೇನೆ. ನಾಳೆ ಕಲಿಯುವವರ ಪರವಾನಗಿಗೆ ಅರ್ಜಿ ಕೊಡಬೇಕು. ಅದರಲ್ಲಿ 'ಕಲಿಸುವವರು' ಎಂದೊಂದು ಖಾನೆ ಖಾಲಿ ಇದೆ. ಅಲ್ಲಿ ನನ್ನ ಹೆಸರು ಬರೆಯಬಹುದೇ ಎಂದು ಬೆಳಿಗ್ಗೆ ಅವಳನ್ನು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾಳೆ.