ಏಳು ವರ್ಷದ ಮೇಲೆ ಎತ್ತಬೇಕಿದ್ದ ಎಲುಬು

ನೇಸ್, ಕೌಂಟಿ ಕಿಲ್ಡೇರ್
ಐರ್ಲೆಂಡ್
19 ಅಕ್ಟೋಬರ್ 2021, ಮಂಗಳವಾರ

ಪ್ರೀತಿಯ ಮೇಲಿನ್ ಅತ್ತಿಗೆ,

ನಿಮ್ಮ ಮಂಡಿನೋವು ಹೇಗಿದೆ? ಎರಡನೇ ಲಸಿಕೆ ಆಯಿತೇ? ಪಾರ್ಲರ್ ಮತ್ತೆ ತೆರೆದಿದ್ದೀರಿ ಎಂದು ಕೇಳಿದೆ. ದಿನವಿಡೀ ಕತ್ತರಿ ಹಿಡಿದು ನಿಂತೇ ಇರಬೇಡಿ, ನಡುನಡುವೆ ಕೂತುಕೊಳ್ಳಿ. ನಾನು ಇಷ್ಟು ಕೇಳಿದರೂ ನಿಮಗೆ ಮೈ ಉರಿಯುತ್ತದೆ, ಗೊತ್ತು. ಹದಿನೆಂಟು ತಿಂಗಳಿಂದ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಸುಬ್ರಾಯರು ಗುರುವಾರ ಬೆಂಗಳೂರಿಗೆ ಹೊರಟಿದ್ದಾರೆ, ಅವರ ಕೈಗೆ ಕೊಡುತ್ತೇನೆ. ಹರಿದು ಹಾಕುವ ಮುಂಚೆ ಒಂದು ಸಲ ಪೂರ್ತಿ ಓದಿ. ನಿಮ್ಮ ತವರಿನಲ್ಲಿ ಮಗ ಲಾರೆನ್ಸ್‌ಗೆ ಕಾನ್ವೆಂಟು, ಮಗಳು ನಿಮಗೆ ಕಾರ್ಪೊರೇಷನ್ನಿನ ಕನ್ನಡ ಶಾಲೆ. ಮೇಷ್ಟ್ರಿಗೆ ಮೇಲಿನ್ ಅನ್ನಲು ನಾಲಿಗೆ ಹೊರಳದೆ ಹಾಜರಿ ಪುಸ್ತಕದಲ್ಲಿ ಮಾಲಿನಿ ಎಂದು ಬರೆದುಕೊಂಡರಂತೆ. ಅಪೋ ಇದನ್ನು ಹೇಳಿ ಹೇಳಿ ನಗುತ್ತಿದ್ದರು. (ಮಗಳು ಅನನ್ಯಾ ಹುಟ್ಟಿದ ಮೇಲೆ ನಿಮ್ಮ ಅಮ್ಮ ನನಗೂ ಅಪೋ, ಅಜ್ಜಿಯೇ ಆಗಿಹೋದರು.) ನಿಮ್ಮ ತಮ್ಮನಿಗೆ ಕನ್ನಡ ಮಾತಾಡಲು ಬರುತ್ತದೆ, ಒಂದಕ್ಷರ ಓದಲು ಬರುವುದಿಲ್ಲ. ಇವತ್ತು ನನಗೆ ಅದೇ ಒಳ್ಳೆಯದಾಯಿತು.

ಇದನ್ನು ಬರೆಯಲು ಹೇಳಿದವನು ಅವನೇ. ಅಪೋ ಅವರನ್ನು ಸುಟ್ಟಿದ್ದಕ್ಕೆ ನಾನು ನಿಮ್ಮ ಕ್ಷಮೆ ಕೇಳಬೇಕಂತೆ. ಲಾರೆನ್ಸ್‌ಗೆ ಕಾರ್ಕ್ ಊರಿನ ಲಿಟಲ್ ಐಲ್ಯಾಂಡಿನಲ್ಲಿ ಕೆಲಸ ಸಿಕ್ಕಿದೆ, ತಿಂಗಳ ಕೊನೆಗೆ ಮನೆ ಬದಲಿಸುತ್ತೇವೆ. ಬೀರುವಿನ ಮೇಲಿರುವ ಬೂದಿಯ ಪೆಟ್ಟಿಗೆ ಹೊಸ ಮನೆಗೆ ಬೇಡ, ಶನಿವಾರ ಸಮುದ್ರಕ್ಕೆ ಬಿಟ್ಟುಬಿಡೋಣ ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. “ನಿಮ್ ಕಡೆ ನೀರಿಗೇ ಬಿಡ್ತಾರಲ್ಲ ಜಯಾ, ನೀನೇ ಹಟ ಮಾಡಿ ಬಿಟ್ಟೆ ಅಂತ ಬರಿ. ಅಕ್ಕ ನಂಬ್ತಾಳೆ,” ಎಂದ. ಎಷ್ಟು ಸಲೀಸಾಗಿ ಅಂದ ಗೊತ್ತೇ ಅತ್ತಿಗೆ, ಹಾಲು ಮುಗಿದಿದೆ ತೊಗೊಂಡು ಬಾ ಅನ್ನುವ ಹಾಗೆ! ಹೌದು, ನೀವು ನಂಬುತ್ತೀರಿ. ಮೊದಲನೇ ಸಲವೂ ನಂಬಿದಿರಲ್ಲ.

ಅಪೋ ಅವರಿಗೆ ಏನು ಬೇಕಿತ್ತು ಎನ್ನುವುದು ನಿಮ್ಮಷ್ಟೇ ನನಗೂ ಗೊತ್ತಿತ್ತು. ಇಲ್ಲಿಗೆ ಬಂದ ಮೊದಲನೇ ಚಳಿಗಾಲದಲ್ಲೇ, ಉಪ್ಪು ಹಾಕಿದ ಸಾಸಿವೆ ಸೊಪ್ಪನ್ನು ನಮ್ಮ ರೇಡಿಯೇಟರ್ ಮೇಲೆ ಒಣಹಾಕುತ್ತಾ (ಮನೆಯೆಲ್ಲಾ ಒಂದು ವಾರ ಅದೇ ವಾಸನೆ!) ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ನಾವು ಹಕ್ಕಾ ಚೀನೀಯರು, ಹಕ್ಕಾ ಅಂದರೆ ಅತಿಥಿ ಜನ, ನಮಗೆ ಯಾವ ಊರೂ ಊರಲ್ಲ, ಅದಕ್ಕೇ ಸತ್ತವರನ್ನು ಮಣ್ಣಿನಲ್ಲಿ ಬಿಟ್ಟು ಹೋಗುವುದಿಲ್ಲ ಅಂತ. ಹೂತು ಏಳು ವರ್ಷಕ್ಕೆ ಗೋರಿ ಅಗೆದು, ಎಲುಬುಗಳನ್ನು ಒಂದೊಂದಾಗಿ ಒರೆಸಿ, ಕಾಲಿನವು ಕೆಳಗೆ, ತಲೆಬುರುಡೆ ಎಲ್ಲಕ್ಕಿಂತ ಮೇಲೆ, ಮನುಷ್ಯ ಕೂತ ಹಾಗೆ ಮಣ್ಣಿನ ಜಾಡಿಯಲ್ಲಿ ಜೋಡಿಸಬೇಕು. ಮಾವನವರ ಎಲುಬು ಎತ್ತಿದ ದಿನ ಬಿಸಿಲು ತಾಗದಂತೆ ನೀವೇ ಕೊಡೆ ಹಿಡಿದಿದ್ದಿರಂತೆ. ಲಾರೆನ್ಸ್ ವಾಂತಿ ಮಾಡಿಕೊಂಡು ಆಟೋದಲ್ಲಿ ಹೋಗಿ ಕೂತನಂತೆ. ಆ ಜಾಡಿಯ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಬಿಡಿಸಿದ್ದರು. “ನೀನು ಮಾಡಿಸ್ತೀಯ, ಅವನು ಮಾಡ್ಸಲ್ಲ,” ಎಂದು ನನ್ನ ಕೈ ಹಿಡಿದು ಹೇಳಿದ್ದರು. ನಾನು ಹೂಂ ಅಂದಿದ್ದೆ.

ಆಮೇಲೆ ಕೊರೊನಾ ಬಂತು. ಮಾರ್ಚ್‌ನಲ್ಲಿ ಸೂಪರ್‌ಮಾರ್ಕೆಟ್ಟಿನ ಕ್ಯೂನಲ್ಲಿ ಯಾವನೋ ಒಬ್ಬ ಅಪೋ ಮುಖ ನೋಡಿ, ರೋಗ ತಂದವರು ನಿಮ್ಮ ದೇಶಕ್ಕೆ ಹೋಗಿ ಎಂದು ಕೂಗಿದ. ಅವರ ದೇಶ ಯಾವುದು? ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ! ಅಪೋ ತಲೆ ಕೆಡಿಸಿಕೊಳ್ಳಲಿಲ್ಲ, ಲಾರೆನ್ಸ್ ಕೆಡಿಸಿಕೊಂಡ. ಅವತ್ತಿನಿಂದ ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗಲಿಲ್ಲ. ಏಪ್ರಿಲ್‌ನಲ್ಲಿ ಅಪೋಗೂ ನನಗೂ ಜ್ವರ. ನನ್ನನ್ನು ಮಹಡಿಯ ಕೋಣೆಯಲ್ಲಿ ಬೇರೆ ಇಟ್ಟರು, ಅವರನ್ನು ಆಂಬುಲೆನ್ಸ್‌ನಲ್ಲಿ ಕರೆದೊಯ್ದರು. ಐದನೇ ದಿನ ನರ್ಸ್ ವಿಡಿಯೋ ಕಾಲ್ ಮಾಡಿಸಿದಾಗ ಅಪೋ ಬಾಯಲ್ಲಿ ಕನ್ನಡವೂ ಇರಲಿಲ್ಲ, ಇಂಗ್ಲಿಷೂ ಇರಲಿಲ್ಲ, ಬರೀ ಹಕ್ಕಾ. “ಸಿತ್ ಫಾನ್ ಮಾಂಗ್?” ಎಂದು ಕೇಳಿದರು, ಊಟ ಆಯ್ತಾ ಅಂತ. ಲಾರೆನ್ಸ್ “ಯೂ ಆರ್ ಗ್ರ್ಯಾಂಡ್, ಮಾಮ್, ಯೂ ಆರ್ ಗ್ರ್ಯಾಂಡ್” ಎಂದು, ನಿನಗೇನೂ ಆಗಿಲ್ಲ ಅನ್ನುವ ಇಲ್ಲಿಯವರ ಮಾತನ್ನೇ, ಹೇಳುತ್ತಲೇ ಇದ್ದ. ಉತ್ತರ ಕೊಟ್ಟವಳು ಅನನ್ಯಾ, ಆರು ವರ್ಷದ ಮಗು, ಅಜ್ಜಿ ಕಲಿಸಿದ ಹಕ್ಕಾದಲ್ಲಿ. ಮಾರನೇ ಬೆಳಗ್ಗೆ ಅವರು ಹೋದರು.

ಹೂಳುವುದೋ ಸುಡುವುದೋ ಸಂಜೆಯೊಳಗೆ ತಿಳಿಸಿ ಎಂದು ಶವಸಂಸ್ಕಾರದವರು ಲಾರೆನ್ಸ್‌ಗೆ ಫೋನ್ ಮಾಡಿದರು. ನಾನು ಬಾಗಿಲ ಹಿಂದಿನಿಂದ, ಹೂಳಬೇಕು, ಮಾತು ಕೊಟ್ಟಿದ್ದೀನಿ ಎಂದು ಕೆಮ್ಮುತ್ತಲೇ ಕೂಗಿದೆ. ಅವನು ಹೇಳಿದ್ದು ಇಷ್ಟೇ: “ಈ ಊರಲ್ಲಿ ಚೀನೀ ಅಕ್ಷರದ ಕಲ್ಲು ನೆಟ್ಟು ಇನ್ನಷ್ಟು ಮಾತು ಕೇಳ್ಬೇಕಾ? ಏಳು ವರ್ಷ ಆದ್ಮೇಲೆ ಅಗೆಯೋದಕ್ಕೆ ಕೌನ್ಸಿಲ್ ಪರ್ಮಿಷನ್ ಬೇರೆ. ಮುಗಿಸ್ಬಿಡೋಣ.” ಮುಗಿಸಿದ. ಫಾರಂಗೆ ಸಹಿ ಹಾಕಿದವನು ಅವನು, ಅತ್ತಿಗೆ. ನಾನಲ್ಲ. ಅವತ್ತು ನಾನು ಆ ಕೋಣೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ರಾತ್ರಿ ನೀವು ಫೋನಿನಲ್ಲಿ ಕಿರುಚಿದಾಗ, “ಜಯಾ ಡಿಸೈಡ್ ಮಾಡಿದ್ಳು, ಅವರಲ್ಲಿ ಸುಡೋದೇ ಪದ್ಧತಿ” ಎಂದು ಅವನು ಹೇಳಿದ್ದನ್ನು ಅದೇ ಬಾಗಿಲ ಹಿಂದೆ ಕೇಳಿಸಿಕೊಂಡೆ. ನಾಳೆ ಸರಿಮಾಡುತ್ತಾನೆ, ತಾಯಿ ಸತ್ತ ಸಂಕಟದಲ್ಲಿದ್ದಾನೆ ಎಂದು ಬಾಯಿ ಮುಚ್ಚಿಕೊಂಡೆ. ಆ ನಾಳೆ ಇವತ್ತಿನವರೆಗೂ ಬರಲಿಲ್ಲ. ನಾಲ್ಕನೇ ವಾರ ಪೆಟ್ಟಿಗೆ ಬಂತು. ನಮ್ಮಲ್ಲಿಯ ಹಾಗೆ ಅಸ್ಥಿಯಾದರೂ ಇರುತ್ತದೆ, ನಾಲ್ಕು ಚೂರಾದರೂ ಜಾಡಿಗೆ ಹಾಕಬಹುದು ಎಂದುಕೊಂಡು ತೆರೆದೆ. ಇಲ್ಲಿ ಮಿಷನ್ನಿಗೆ ಹಾಕಿ ಪುಡಿ ಮಾಡುತ್ತಾರಂತೆ. ಬರೀ ಪುಡಿ.

ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಒಂಬತ್ತು ವರ್ಷ ನಿಮ್ಮ ಮನೆಯ ಸೊಸೆ. ನೀವು ಕಲಿಸಿದ ಹಾಗೆ ತೋಫುವಿಗೆ ಮಾಂಸ ತುಂಬುತ್ತೇನೆ, ನಿಮ್ಮ ಹೊಸ ವರ್ಷಕ್ಕೆ ಹಿರಿಯರಿಗೆ ಎಡೆ ಇಡುತ್ತೇನೆ. ಆದರೂ ಒಂದು ಸಲ, ಒಂದೇ ಒಂದು ಸಲ, ನಿಜವೇನೇ ಜಯಶೀಲಾ ಎಂದು ನನ್ನನ್ನು ಕೇಳಲಿಲ್ಲ. ಹಿಂದೂ ಹುಡುಗಿ, ಸುಟ್ಟಿರುತ್ತಾಳೆ ಅಂದುಕೊಂಡಿರಿ. ಆ ಕೈಯಿಂದ ಬಂದ ಬೂದಿ ಅಪ್ಪನ ಜಾಡಿಯ ಪಕ್ಕಕ್ಕೆ ಬೇಡ ಎಂದು ಹೇಳಿಕಳಿಸಿದಿರಿ. ನನಗೆ ಬೈದಿರಿ, ಬೈಯಿರಿ. ಆದರೆ ಆ ಮಾತಿನಿಂದ ಅಪೋ ಒಂದೂವರೆ ವರ್ಷ ಬೀರುವಿನ ಮೇಲೆ, ಸೂಟ್‌ಕೇಸುಗಳ ನಡುವೆ ಕೂತರು. ಅತಿಥಿ ಜನ ಅಂದರಲ್ಲ, ಹಾಗೇ.

ಅದಕ್ಕೇ ಈ ಕಾಗದದಲ್ಲಿ ನಾನು ಕ್ಷಮೆ ಕೇಳುತ್ತಿಲ್ಲ. ಅನನ್ಯಾ ಈಗಲೂ ಮೆಟ್ಟಿಲು ಹತ್ತುವಾಗ ಹಕ್ಕಾದಲ್ಲೇ ಎಣಿಸುತ್ತಾಳೆ, ತನ್ನ ಐರಿಷ್ ರಾಗದಲ್ಲಿ. ನಿಮಗೆ ಹೆಮ್ಮೆಯಾಗಲಿ ಎಂದು ತಿಳಿಸಿದೆ. ಮಂಡಿಗೆ ಎಣ್ಣೆ ಹಚ್ಚಿ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಿಮ್ಮ ಸಿಟ್ಟು ಇಳಿದರೆ ನನ್ನ ನಮಸ್ಕಾರ ತೆಗೆದುಕೊಳ್ಳಿ, ಇಳಿಯದಿದ್ದರೆ ಮಗುವಿನದಾದರೂ ತೆಗೆದುಕೊಳ್ಳಿ.

ಇಂತಿ,
ನಿಮ್ಮ ತಮ್ಮನ ಹೆಂಡತಿ
ಜಯಶೀಲಾ

ಮರೆತಿದ್ದೆ: ಸುಬ್ರಾಯರು ಈ ಕಾಗದದ ಜೊತೆ ಒಂದು ಸ್ಟೀಲ್ ಡಬ್ಬಿ ಕೊಡುತ್ತಾರೆ. ಅದರಲ್ಲಿರುವುದು ಅಪೋ. ಸುಬ್ರಾಯರಿಗೆ ಎಲ್ಲಾ ಹೇಳಿದ್ದೇನೆ, ಬೇರೆ ಬ್ಯಾಗಿಗೆ ಹಾಕದೆ ಕೈಯಲ್ಲೇ ಹಿಡಿದು ತರುತ್ತಾರೆ. ದಹನದ ಸರ್ಟಿಫಿಕೇಟೂ ಜೊತೆಗಿದೆ, ಅರ್ಜಿ ಹಾಕಿದವರ ಹೆಸರು, ಸಹಿ ನೋಡಿಕೊಳ್ಳಿ. ಜಾಡಿಗೆ ಹಾಕಿಸುತ್ತೀರೋ ಬಿಡುತ್ತೀರೋ, ಇನ್ನು ನಿಮ್ಮ ಮನಸ್ಸು. ಇಲ್ಲಿ ಬೀರುವಿನ ಮೇಲಿನ ಪೆಟ್ಟಿಗೆಗೆ ಎರಡೂವರೆ ಕಿಲೋ ರಾಗಿ ಹಿಟ್ಟು, ಬಣ್ಣಕ್ಕೆ ಸ್ವಲ್ಪ ಅಕ್ಕಿ ಹಿಟ್ಟು ಬೆರೆಸಿ ತುಂಬಿ ಮುಚ್ಚಳ ಹಾಕಿದ್ದೇನೆ. ಶನಿವಾರ ನಿಮ್ಮ ತಮ್ಮ ಅದನ್ನು ಸಮುದ್ರಕ್ಕೆ ಸುರಿಯುತ್ತಾನೆ. ನಾನೂ ಪಕ್ಕದಲ್ಲಿ ನಿಂತು ಕೈ ಮುಗಿಯುತ್ತೇನೆ.